ಐದು ಡಾಲರ್ ಟಿಕೆಟ್ಟಿನ ಊರು

ವಾಷಿಂಗ್ಟನ್‌ಗೆ ಹೋಗಿ ಬಂದವರೆಲ್ಲ ಶ್ವೇತಭವನದ ಬೇಲಿಯ ಹೊರಗೆ ನಿಂತ ಫೋಟೋ ತೋರಿಸುತ್ತಾರೆ. ನಮ್ಮ ಮನೆಯಲ್ಲೂ ಅಂಥದ್ದೊಂದು ಇದೆ. ಮಗಳ ಮನೆ ಇರುವುದು ಪೊಟೊಮ್ಯಾಕ್ ನದಿಯ ಆಚೆ ದಡದ ವರ್ಜೀನಿಯಾದಲ್ಲಿ. ಮೊದಲೆರಡು ಸಲ ಹೋದಾಗ ನಾನೂ ನಮ್ಮವಳೂ ಲಿಂಕನ್ ಸ್ಮಾರಕ, ಸಂಸತ್ತಿನ ಗುಮ್ಮಟ, ವಿಮಾನಗಳ ಮ್ಯೂಸಿಯಂ ಎಲ್ಲ ನೋಡಿ ಮುಗಿಸಿದ್ದೆವು. ಮೂರನೆಯ ಸಲ ಹೋಗುವಷ್ಟರಲ್ಲಿ ಹದಿಮೂರು ವರ್ಷದ ಮೊಮ್ಮಗಳು ಗಿಟಾರ್ ಕಲಿಯುತ್ತಿದ್ದಳು. "ಅಜ್ಜ, ಈ ಸಲ ನಮ್ಮ ಊರಿನ ಪಂಕ್ ತೋರಿಸ್ತೀನಿ, ಬಾ" ಎಂದಳು.

"ಪಂಖವಾ? ಇಲ್ಲಿ ಎಲ್ಲ ಕಡೆ ಏಸಿ ಇದೆಯಲ್ಲೇ" ಎಂದಳು ನಮ್ಮವಳು.

ನನ್ನ ವಯಸ್ಸಿನ ಓದುಗರಿಗಾಗಿ ಒಂದಿಷ್ಟು ವಿವರಣೆ. ಪಂಕ್ ಎನ್ನುವುದು ರಾಕ್ ಸಂಗೀತದ ಒಂದು ಕವಲು. 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕ್, ಲಂಡನ್ ನಗರಗಳಲ್ಲಿ ಹುಟ್ಟಿತು. ಹಾಡುಗಳು ಚಿಕ್ಕವು, ವೇಗ ಬಹಳ. ಗಿಟಾರಿನಲ್ಲಿ ಮೂರು ನಾಲ್ಕು ಪಟ್ಟು ಬಂದರೆ ಸಾಕು, ವೇದಿಕೆ ಹತ್ತಬಹುದು. ವರ್ಷಗಟ್ಟಲೆ ಪಾಠವಾಗಬೇಕು, ದೊಡ್ಡ ಕಂಪನಿ ಕರೆಯಬೇಕು, ಆಮೇಲೆ ಜನರ ಮುಂದೆ ನುಡಿಸಬೇಕು ಎನ್ನುವ ಕ್ರಮವನ್ನು ಆ ಹುಡುಗರು ಒಪ್ಪಲಿಲ್ಲ. ಆ ಸಂಗೀತ ನನಗೆ ಹಿಡಿಸಿತು ಎಂದರೆ ಸುಳ್ಳಾಗುತ್ತದೆ. ಆಕಾಶವಾಣಿಯಲ್ಲಿ ಭೀಮಸೇನ ಜೋಶಿ, ಕಾಳಿಂಗರಾಯರನ್ನು ಕೇಳಿ ಬೆಳೆದ ಕಿವಿ ಇದು. ನನಗೆ ಹಿಡಿಸಿದ್ದು ಆ ಹುಡುಗರ ಲೆಕ್ಕಪತ್ರ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ಬೇರೇನು ಹಿಡಿಸೀತು ಹೇಳಿ.

ಮೊಮ್ಮಗಳು ಮೊದಲು ಕರೆದುಕೊಂಡು ಹೋದದ್ದು ಯಾವುದೋ ನಾಟಕಶಾಲೆಗಲ್ಲ, ಸಾರ್ವಜನಿಕ ಗ್ರಂಥಾಲಯಕ್ಕೆ. ಮೆಟ್ರೊ ಸೆಂಟರ್ ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆದರೆ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಕೇಂದ್ರ ಗ್ರಂಥಾಲಯ. ಕಪ್ಪು ಉಕ್ಕು ಮತ್ತು ಗಾಜಿನ ಕಟ್ಟಡ. ಮೀಸ್ ವಾನ್ ಡರ್ ರೋಹ್ ಎಂಬ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯ ವಿನ್ಯಾಸ. 1972ರಲ್ಲಿ ತೆರೆದದ್ದು, ದೊಡ್ಡ ದುರಸ್ತಿಯ ನಂತರ 2020ರಲ್ಲಿ ಮತ್ತೆ ಬಾಗಿಲು ತೆರೆಯಿತು. ಅದರ ನಾಲ್ಕನೆಯ ಮಹಡಿಯಲ್ಲಿ ಊರಿನ ಚರಿತ್ರೆಯ ದಾಖಲೆಗಳಿವೆ. ಹಳೆಯ ನಕ್ಷೆ, ಹಳೆಯ ಪತ್ರಿಕೆಗಳ ಜೊತೆಗೆ ಪಂಕ್ ಸಂಗೀತದ ದಾಖಲೆಗಳಿಗೂ 2014ರಿಂದ ಜಾಗ ಸಿಕ್ಕಿದೆ. 1976ರಿಂದ ಇಲ್ಲಿಯವರೆಗಿನ ಹ್ಯಾಂಡ್‌ಬಿಲ್ಲುಗಳು, ಫೋಟೋಗಳು, ಕ್ಯಾಸೆಟ್ಟುಗಳು, ಅಭಿಮಾನಿಗಳೇ ಟೈಪ್ ಮಾಡಿ ಜೆರಾಕ್ಸ್ ತೆಗೆದು ಪಿನ್ ಹೊಡೆದ ಪುಟ್ಟ ಪತ್ರಿಕೆಗಳು. ಬಹುಪಾಲು ಅಭಿಮಾನಿಗಳು ಮತ್ತು ವಾದಕರು ತಮ್ಮ ಅಟ್ಟದಿಂದ ಇಳಿಸಿ ತಂದುಕೊಟ್ಟಿದ್ದು.

ಈ ಹ್ಯಾಂಡ್‌ಬಿಲ್ಲುಗಳಲ್ಲಿ ಒಂದು ತಮಾಷೆಯಿದೆ, ಮಕ್ಕಳೇ. ವಾರ ಇರುತ್ತದೆ, ತಾರೀಖು ಇರುತ್ತದೆ, ಟಿಕೆಟ್ ದರ ಇರುತ್ತದೆ. ಎಷ್ಟೋ ಸಲ ಇಸವಿಯೇ ಇರುವುದಿಲ್ಲ. ಬರುವ ಶುಕ್ರವಾರದ ಕಾರ್ಯಕ್ರಮಕ್ಕೆ ಇಸವಿ ಯಾರು ಬರೆಯುತ್ತಾರೆ? ನಮ್ಮೂರ ಯಕ್ಷಗಾನದ ಹ್ಯಾಂಡ್‌ಬಿಲ್ಲಿನಲ್ಲೂ ಇದೇ ಕಥೆ. ಹಾಗಾಗಿ ವಾರ, ತಾರೀಖು ನೋಡಿ ಇಸವಿ ಹಿಡಿಯಬೇಕು. ಫುಗಾಜಿ ಎಂಬ ಪ್ರಸಿದ್ಧ ತಂಡದ ಮೊದಲ ಕಾರ್ಯಕ್ರಮ ನಡೆದದ್ದು ಸೆಪ್ಟೆಂಬರ್ 3, ಗುರುವಾರ. 1980ರಿಂದ 1999ರವರೆಗೆ ಸೆಪ್ಟೆಂಬರ್ 3 ಗುರುವಾರ ಬಂದದ್ದು ನಾಲ್ಕೇ ಸಲ: 1981, 1987, 1992, 1998. ಇವುಗಳಲ್ಲಿ ಸರಿಯಾದದ್ದು 1987. ರಜೆಯಲ್ಲಿ ಕ್ಯಾಲೆಂಡರ್ ಹಿಡಿದು ನೀವೂ ಇಂಥ ಲೆಕ್ಕ ಮಾಡಿ ನೋಡಬಹುದು.

ಈಗ ನನಗೆ ಹಿಡಿಸಿದ ಆ ಲೆಕ್ಕಕ್ಕೆ ಬರುತ್ತೇನೆ. 1980ರಲ್ಲಿ ಈ ಊರಿನಲ್ಲಿ ಟೀನ್ ಐಡಲ್ಸ್ ಎಂಬ ತಂಡವಿತ್ತು. ಹೈಸ್ಕೂಲ್ ಹುಡುಗರು. ಅದರಲ್ಲಿದ್ದ ಇಯಾನ್ ಮಕಾಯ್‌ಗೆ ಆಗ ಹದಿನೆಂಟು ವರ್ಷ. ಕಾರ್ಯಕ್ರಮಗಳಿಂದ ಬಂದ ದುಡ್ಡನ್ನು ಹಂಚಿಕೊಳ್ಳದೆ ಒಂದು ಸಿಗಾರ್ ಡಬ್ಬಿಯಲ್ಲಿ ಹಾಕುತ್ತ ಬಂದರು. ಒಂದು ವರ್ಷದಲ್ಲಿ ತಂಡ ಒಡೆಯಿತು. ಡಬ್ಬಿಯಲ್ಲಿ ಸುಮಾರು 600 ಡಾಲರ್ ಇತ್ತು. ಹಂಚಿಕೊಂಡಿದ್ದರೆ ತಲೆಗೆ ನೂರೈವತ್ತು ಬರುತ್ತಿತ್ತು, ಒಂದು ತಿಂಗಳಲ್ಲಿ ಖರ್ಚಾಗಿಬಿಡುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ತಮ್ಮ ಹಾಡುಗಳ ಸಾವಿರ ರೆಕಾರ್ಡ್ ಅಚ್ಚು ಹಾಕಿಸಿದರು. ಅದಕ್ಕೆಂದೇ ಡಿಸ್ಕಾರ್ಡ್ ಎಂಬ ಸಂಸ್ಥೆ ಮಾಡಿಕೊಂಡರು.

ರಟ್ಟಿನ ಕವರ್ ಮಾಡಿಸಲು ದುಡ್ಡು ಸಾಲದು. ಇಂಗ್ಲೆಂಡಿನ ಒಂದು ರೆಕಾರ್ಡಿನ ಕವರನ್ನು ಅಂಟು ಬಿಡಿಸಿ, ಹರಡಿ, ಎಲ್ಲಿ ಮಡಿಕೆ ಎಲ್ಲಿ ಕತ್ತರಿ ಎಂದು ನೋಡಿಕೊಂಡು, ಅದೇ ಅಳತೆಗೆ ಮುದ್ರಿಸಿ ತಂದು ಮನೆಯಲ್ಲೇ ಕತ್ತರಿಸಿ ಮಡಿಸಿ ಅಂಟಿಸಿದರು. ನಮ್ಮ ಕಡೆ ದಿನಸಿ ಅಂಗಡಿಗೆ ಹಳೆ ಪೇಪರಿನ ಪೊಟ್ಟಣ ಮಾಡಿಕೊಡುವ ಮನೆಗಳಿದ್ದವಲ್ಲ, ಥೇಟ್ ಹಾಗೆ. ಗೆಳೆಯರು, ಗೆಳತಿಯರು ಎಲ್ಲ ಸುತ್ತ ಕೂತು ಅಂಟಿಸಿದ ಕವರುಗಳವು. ಮೊದಲ ರೆಕಾರ್ಡಿನಿಂದ ಬಂದ ದುಡ್ಡು ಮುಂದಿನ ತಂಡದ ರೆಕಾರ್ಡಿಗೆ ಹೋಯಿತು. ಆ ಸಂಸ್ಥೆ ಇವತ್ತಿಗೂ ನಡೆಯುತ್ತಿದೆ. ವಾದಕರ ಜೊತೆ ಕರಾರುಪತ್ರವಿಲ್ಲ. ಲಾಭದಲ್ಲಿ ಪಾಲು, ಮಾತೇ ಜಾಮೀನು. ಕರಾರುಪತ್ರವಿಲ್ಲದೆ ಒಂದು ಹೊಲಿಗೆ ಯಂತ್ರದ ಸಾಲವನ್ನೂ ಕೊಡದ ಕಡೆ ಕೆಲಸ ಮಾಡಿದವನು ನಾನು. ನಾಲ್ಕು ದಶಕ ಮೀರಿ ನಡೆದ ಇಂಥ ಖಾತೆಗೆ ಯಾವ ಶೀರ್ಷಿಕೆ ಕೊಡಬೇಕೋ ತಿಳಿಯದು.

ಆ ದುಡ್ಡು ಇದ್ದದ್ದು ಸಿಗಾರ್ ಡಬ್ಬಿಯಲ್ಲಿ ಎಂದೆನಲ್ಲ, ಆ ಹುಡುಗರು ಸಿಗರೇಟನ್ನೇ ಸೇದುತ್ತಿರಲಿಲ್ಲ! ಇಯಾನ್ ಮುಂದೆ ಕಟ್ಟಿದ ಮೈನರ್ ಥ್ರೆಟ್ ಎಂಬ ತಂಡ 1981ರಲ್ಲಿ 'ಸ್ಟ್ರೈಟ್ ಎಡ್ಜ್' ಎಂಬ ಹಾಡು ಹಾಡಿತು. ಒಂದು ನಿಮಿಷವೂ ಇಲ್ಲದ ಹಾಡು. ಮಾದಕ ವಸ್ತು ಬೇಡ, ನನಗೆ ಬುದ್ಧಿ ನೆಟ್ಟಗಿರಬೇಕು ಎಂಬುದು ಅದರ ತಾತ್ಪರ್ಯ. ರಾಕ್ ಸಂಗೀತಗಾರರೆಂದರೆ ಹೀಗೇ ಎಂದು ಜಗತ್ತು ನಂಬಿದ್ದ ಕಾಲದಲ್ಲಿ ಇದು ಬಂಡಾಯದೊಳಗಿನ ಬಂಡಾಯ. ಆ ಹಾಡಿನ ಹೆಸರೇ ದೇಶವಿದೇಶಗಳಲ್ಲಿ ಒಂದು ಜೀವನಕ್ರಮದ ಹೆಸರಾಯಿತು. ಅದರ ಗುರುತು ಅಂಗೈ ಹಿಂಬದಿಯಲ್ಲಿ ಕಪ್ಪು ಶಾಯಿಯ ಗುಣಾಕಾರ ಚಿಹ್ನೆ. ಇದರ ಮೂಲವೂ ಸ್ವಾರಸ್ಯವಾಗಿದೆ. ಸಂಗೀತ ನಡೆಯುವ ಕ್ಲಬ್ಬುಗಳಲ್ಲಿ ಮದ್ಯ ಮಾರುತ್ತಿದ್ದರಿಂದ ಎಳೆಯರನ್ನು ಒಳಗೆ ಬಿಡುತ್ತಿರಲಿಲ್ಲ. ಟೀನ್ ಐಡಲ್ಸ್ ಹುಡುಗರು ಸ್ಯಾನ್ ಫ್ರಾನ್ಸಿಸ್ಕೊಗೆ ಹೋದಾಗ ಅಲ್ಲಿಯ ಒಂದು ಕ್ಲಬ್ಬು ಕೈಗೆ ಈ ಗುರುತು ಹಾಕಿ ಒಳಗೆ ಬಿಟ್ಟಿತು. ಗುರುತು ಇದ್ದವರಿಗೆ ಮದ್ಯ ಕೊಡುವಂತಿಲ್ಲ. ಈ ಉಪಾಯವನ್ನು ಅವರು ಊರಿಗೆ ತಂದು ಎಫ್ ಸ್ಟ್ರೀಟಿನ 9:30 ಕ್ಲಬ್ಬಿಗೆ ಹೇಳಿದರು. ಚಿಕ್ಕವರೆಂದು ಹಾಕಿದ ಗುರುತನ್ನೇ ಬೇಕೆಂದು ಹಾಕಿಕೊಂಡವರು ಆಮೇಲೆ ಸಾವಿರಾರು ಮಂದಿ.

ಗ್ರಂಥಾಲಯದ ಮೇಜಿನ ಬಳಿ ಒಬ್ಬರು ಶೂ ಡಬ್ಬಿ ಹಿಡಿದು ನಿಂತಿದ್ದರು. ಅರವತ್ತರ ಹತ್ತಿರದ ವಯಸ್ಸು, ಬಿಳಿ ಗಡ್ಡ, ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ನಾನು ಬ್ಯಾಂಕಿನವನೆಂದು ಹೇಳಿದ ಮೇಲೆ ಮಾತಿಗೆ ಸಿಕ್ಕಿದರು. ಪಿಂಚಣಿದಾರರಿಗೆ ಪಿಂಚಣಿದಾರರು ಎಲ್ಲಿ ಹೋದರೂ ಸಿಗುತ್ತಾರೆ. ಹದಿನೈದನೆಯ ವಯಸ್ಸಿನಿಂದ ಹೋದ ಕಾರ್ಯಕ್ರಮಗಳ ಹ್ಯಾಂಡ್‌ಬಿಲ್ಲು ಆ ಡಬ್ಬಿಯಲ್ಲಿದ್ದವು. ದೊಡ್ಡ ಮನೆ ಮಾರಿ ಚಿಕ್ಕ ಫ್ಲ್ಯಾಟಿಗೆ ಹೋಗುತ್ತಿದ್ದಾರಂತೆ. "ಮಕ್ಕಳು ಎಲ್ಲವನ್ನೂ ಫೋನಿನಲ್ಲಿ ಫೋಟೋ ಹಿಡಿದು ಬಿಸಾಡಿ ಅಂತಾರೆ. ಎರಡು ಸಲ ಇಲ್ಲಿಗೆ ಬಂದೆ, ಎರಡು ಸಲವೂ ಡಬ್ಬಿ ಸಮೇತ ವಾಪಸು ಹೋದೆ" ಎಂದರು.

ಡಬ್ಬಿ ಬಿಚ್ಚಿ ತೋರಿಸಿದರು. ಬ್ಯಾಡ್ ಬ್ರೈನ್ಸ್ ಎಂಬ ತಂಡದ ಹೆಸರಿದ್ದ ಕಾಗದವನ್ನು ಮೇಲಿಟ್ಟರು. "ಎಲ್ಲರೂ ಇಯಾನ್ ಹೆಸರು ಹೇಳ್ತಾರೆ. ಮೊದಲು ಇವರು. ನಮಗೆಲ್ಲ ನುಡಿಸೋದು ಹೇಗೆ ಅಂತ ತೋರಿಸಿದವರು ಇವರು" ಎಂದರು. ನಾಲ್ವರೂ ಆಫ್ರಿಕನ್ ಅಮೆರಿಕನ್ನರು. ಜಾಝ್ ನುಡಿಸುತ್ತಿದ್ದವರು ಪಂಕ್‌ಗೆ ಬಂದು, ಯಾರೂ ನುಡಿಸದ ವೇಗದಲ್ಲಿ, ಒಂದು ಸ್ವರವೂ ತಪ್ಪದಂತೆ ನುಡಿಸಿದರಂತೆ. ಆಗ ಆ ಊರಿನ ಬಹುಪಾಲು ಜನ ಕಪ್ಪು ವರ್ಣೀಯರೇ. ಚರಿತ್ರೆ ಬರೆಯುವಾಗ ಮೊದಲಿನವರ ಹೆಸರು ಎರಡನೆಯ ಸಾಲಿಗೆ ಹೋಗುವುದು ಅಲ್ಲಿಯೂ ಇದೆ ಎಂದುಕೊಂಡೆ.

ಅವರು ಕೊಡಲು ಹಿಂಜರಿದದ್ದು ಒಂದೇ ಕಾಗದಕ್ಕಾಗಿ. ಅದರ ಮುಂಬದಿ ಮಾಮೂಲು ಹ್ಯಾಂಡ್‌ಬಿಲ್ಲು. ಹಿಂಬದಿಯಲ್ಲಿ ನೀಲಿ ಪೆನ್ನಿನಲ್ಲಿ ಯಾವ ಬಸ್ಸು ಹಿಡಿಯಬೇಕು, ಎಲ್ಲಿ ಇಳಿಯಬೇಕು, ಕೊನೆಯ ಬಸ್ಸು ಎಷ್ಟಕ್ಕೆ ಎಂದು ಬರೆದಿತ್ತು. ಬರೆದ ಗೆಳೆಯ ತೀರಿಕೊಂಡು ಬಹಳ ವರ್ಷವಾಯಿತಂತೆ. ಅವನ ಕೈಬರಹ ಬೇರೆಲ್ಲೂ ಉಳಿದಿಲ್ಲ. "ಮುಂಬದಿ ಲೈಬ್ರರಿಗೆ ಬೇಕು, ಹಿಂಬದಿ ನನಗೆ ಬೇಕು" ಎಂದು ನಕ್ಕರು. ನಗು ಪೂರ್ತಿಯಾಗಲಿಲ್ಲ.

ಮೇಜಿನ ಹಿಂದಿದ್ದ ಗ್ರಂಥಪಾಲಕಿ ಚಿಕ್ಕ ವಯಸ್ಸಿನವರು. ಆತುರ ಮಾಡಲಿಲ್ಲ. "ಹಿಂಬದಿಯೂ ನಮಗೆ ಬೇಕು. ಮನೆಯಲ್ಲಿ ಕಾರಿಲ್ಲದ ಹುಡುಗ ಈ ಕ್ಲಬ್ಬಿಗೆ ಹೇಗೆ ಬರ್ತಿದ್ದ ಅನ್ನೋದು ಯಾವ ಪುಸ್ತಕದಲ್ಲೂ ಇಲ್ಲ" ಎಂದರು. ಎರಡೂ ಬದಿಯ ಜೆರಾಕ್ಸ್ ತೆಗೆದು ಕೊಟ್ಟರು. ಅಸಲು ಅವರಲ್ಲಿ, ನಕಲು ಇವರಲ್ಲಿ. ಮನೆ ಪತ್ರ ಅಡವಿಟ್ಟು ಸಾಲ ಪಡೆಯುವಾಗ ನಾವು ಮಾಡುತ್ತಿದ್ದದ್ದೂ ಅದನ್ನೇ, ಸಾಲ ತೀರಿದರೆ ಅಸಲು ವಾಪಸು, ಇಲ್ಲಿ ವಾಪಸಿಲ್ಲ. "ನೋಡಬೇಕು ಅನ್ನಿಸಿದರೆ?" ಎಂದು ಕೇಳಿದರು ಆ ಮನುಷ್ಯ. ಯಾವತ್ತು ಬೇಕಾದರೂ ಬನ್ನಿ, ಪೆನ್ನು ಹೊರಗಿಟ್ಟು ಪೆನ್ಸಿಲ್ ಹಿಡಿದು ಬನ್ನಿ, ಅಷ್ಟೇ ಎಂದರು ಅವರು. ದಾನಪತ್ರಕ್ಕೆ ಸಹಿ ಹಾಕುವಾಗ ಆತ ಕನ್ನಡಕ ತೆಗೆದು ಒರೆಸಿಕೊಂಡದ್ದನ್ನು ನನ್ನ ಮೊಮ್ಮಗಳೂ ನೋಡಿದಳು. ಹೊರಗೆ ಬಂದ ಮೇಲೂ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಜ್ಜ, ನಿನ್ನ ಹತ್ರ ಡಬ್ಬಿ ಇದ್ಯಾ?" ಎಂದಳು. ಊರಲ್ಲಿ ಒಂದು ಟ್ರಂಕೇ ಇದೆ ಎಂದೆ.

ಕಾಗದಗಳು ಅಷ್ಟು ಮುಖ್ಯವಾಗಲು ಕಾರಣ, ಜಾಗಗಳು ಉಳಿದಿಲ್ಲ. 9:30 ಕ್ಲಬ್ಬು 1996ರಲ್ಲಿ ವಿ ಸ್ಟ್ರೀಟಿನ ದೊಡ್ಡ ಕಟ್ಟಡಕ್ಕೆ ಹೋಯಿತು. ಹೆಸರು ಮಾತ್ರ ಹಳೆಯ ಮನೆ ನಂಬರಿನದು. ಡಿ.ಸಿ. ಸ್ಪೇಸ್ ಎಂಬ ಇನ್ನೊಂದು ಪುಟ್ಟ ಜಾಗ 1991ರಲ್ಲಿ ಮುಚ್ಚಿತು, ಆಮೇಲೆ ಅಲ್ಲಿ ಕಾಫಿ ಅಂಗಡಿ ಬಂತು. ನದಿಯಾಚೆ ಆರ್ಲಿಂಗ್ಟನ್ನಿನಲ್ಲಿ ಡಾನ್ ಜಿಯೆಂಟಾರಾ ಎಂಬವರು ತಮ್ಮ ಮನೆಯ ನೆಲಮಾಳಿಗೆಯಲ್ಲಿ ಆರಂಭಿಸಿದ ಇನ್ನರ್ ಇಯರ್ ಸ್ಟುಡಿಯೊ ಈ ತಂಡಗಳ ಬಹುಪಾಲು ಹಾಡುಗಳಿಗೆ ಹೆರಿಗೆಮನೆ. ಅದು ಮುಂದೆ ಬೇರೆ ಕಟ್ಟಡಕ್ಕೆ ಹೋಗಿ, 2021ರಲ್ಲಿ ಆ ಕಟ್ಟಡವೂ ಕೈಬಿಟ್ಟು ಹೋಯಿತು. ಡಿಸ್ಕಾರ್ಡ್ ಸಂಸ್ಥೆಯ ಹಳೆಯ ಮನೆಯ ಮೆಟ್ಟಿಲ ಮೇಲೆ ಕೂತ ಹುಡುಗರ ಚಿತ್ರ ಬಹಳ ಪ್ರಸಿದ್ಧ. ಅಭಿಮಾನಿಗಳು ಅಲ್ಲಿಗೆ ಹೋಗಿ ಹಾಗೆಯೇ ಕೂತು ಫೋಟೋ ತೆಗೆಸಿಕೊಳ್ಳುತ್ತಾರಂತೆ. ನಾನು ಬೇಡವೆಂದೆ. ಇನ್ನೊಬ್ಬರ ಮನೆ ಜಗಲಿಗೆ ಕರೆಯದೆ ಹೋಗುವ ಅಭ್ಯಾಸ ನನಗಿಲ್ಲ.

ಒಂದು ಭಾನುವಾರ ಅಳಿಯ ನಮ್ಮನ್ನು ಮ್ಯಾಸಚೂಸೆಟ್ಸ್ ಅವೆನ್ಯೂದಲ್ಲಿ ನಡೆಸಿಕೊಂಡು ಹೋದ. ಭಾರತದ ರಾಯಭಾರ ಕಚೇರಿಯ ಎದುರು ಕೋಲು ಹಿಡಿದು ನಡೆಯುವ ಗಾಂಧೀಜಿಯ ಪ್ರತಿಮೆ ಇದೆ. 2000ದಲ್ಲಿ ವಾಜಪೇಯಿಯವರು ಬಂದಾಗ ಅನಾವರಣವಾದದ್ದು. ಅದೇ ರಸ್ತೆಯಲ್ಲಿ ಇನ್ನೂ ಮುಂದೆ ನಡೆದರೆ ದಕ್ಷಿಣ ಆಫ್ರಿಕಾದ ರಾಯಭಾರ ಕಚೇರಿ. ಈಗ ಅದರ ಮುಂದೆ ಮುಷ್ಟಿ ಎತ್ತಿದ ಮಂಡೇಲಾ ನಿಂತಿದ್ದಾರೆ. 1985ರಲ್ಲಿ ಅವರು ಜೈಲಿನಲ್ಲಿದ್ದರು. ವರ್ಣಭೇದ ನೀತಿಯ ವಿರುದ್ಧ ಈ ಕಚೇರಿಯ ಮುಂದೆ ದಿನವೂ ಪ್ರತಿಭಟನೆ. ಆ ಬೇಸಿಗೆಯಲ್ಲಿ ಪಂಕ್ ಹುಡುಗ ಹುಡುಗಿಯರು ಡ್ರಮ್ಮು, ತಗಡು, ಬಕೆಟ್ಟು ಹಿಡಿದು ಬಂದು ಇಲ್ಲಿ ಬಡಿದರು. ಭಾಷಣ ಮಾಡಲು ಬಾರದವರು ಬಡಿಯಲು ಬಲ್ಲರು. ಒಳಗಿದ್ದ ಅಧಿಕಾರಿಗಳಿಗೆ ಕಡತ ಓದಲು ಕಷ್ಟವಾಗಿರಬೇಕು. ಗಾಂಧೀಜಿ ಮೊದಲು ಸತ್ಯಾಗ್ರಹ ಮಾಡಿದ ದೇಶಕ್ಕಾಗಿ ಅವರು ಬಡಿದರು ಎಂದು ಮೊಮ್ಮಗಳಿಗೆ ಹೇಳಿದೆ. ಅದು ಅವಳಿಗೆ ಗೊತ್ತಿರಲಿಲ್ಲ. ನನಗೂ ಒಂದು ಅಂಕ ಸಿಕ್ಕಿತು.

ಇಂಥ ಕೆಲಸಗಳಿಗೆ ಅದೇ ವರ್ಷ ಪಾಸಿಟಿವ್ ಫೋರ್ಸ್ ಎಂಬ ಬಳಗ ಹುಟ್ಟಿತು. 1991ರಲ್ಲಿ ಹುಡುಗಿಯರು ಅವರ ಮನೆಯಲ್ಲೇ ಸಭೆ ಸೇರಿ, ಕಾರ್ಯಕ್ರಮಗಳಲ್ಲಿ ತಮ್ಮನ್ನು ಹಿಂದಕ್ಕೆ ತಳ್ಳುವುದು ಸಾಕು ಎಂದು ತೀರ್ಮಾನಿಸಿದರು. ವೇದಿಕೆ ಮೇಲಿನ ಹುಡುಗಿಯರು, ಹುಡುಗರೇ ಹಿಂದೆ ಸರಿಯಿರಿ, ಹುಡುಗಿಯರು ಮುಂದೆ ಬರಲಿ ಎಂದು ಕರೆದರು. ಈ ಸಂಗತಿ ಹೇಳುವಾಗ ಮೊಮ್ಮಗಳ ಧ್ವನಿ ಏರಿತ್ತು.

ಕೊನೆಗೆ ಜುಲೈ ತಿಂಗಳ ಒಂದು ಸಂಜೆ ಫೋರ್ಟ್ ರಿನೊಗೆ ಹೋದೆವು. ಟೆನ್ಲಿಟೌನ್ ನಿಲ್ದಾಣದಿಂದ ಸ್ವಲ್ಪ ನಡಿಗೆ. ಇಡೀ ರಾಜಧಾನಿಯಲ್ಲಿ ಅತಿ ಎತ್ತರದ ಜಾಗ ಇದೇ, 409 ಅಡಿ. 1861ರಲ್ಲಿ ಅಂತರ್ಯುದ್ಧದ ಕಾಲಕ್ಕೆ ಕೋಟೆಯಿತ್ತು. ಆಮೇಲೆ ಬಿಡುಗಡೆಯಾದ ಕಪ್ಪು ಜನರು ಮನೆ ಕಟ್ಟಿಕೊಂಡ ಊರಿತ್ತು. ಪಾರ್ಕಿಗೆ, ಶಾಲೆಗೆ ಜಾಗ ಬೇಕೆಂದು ಆ ಊರನ್ನೂ ಎಬ್ಬಿಸಿದರು. ಈಗ ಹುಲ್ಲುಹಾಸು, ಒಂದು ಸಣ್ಣ ವೇದಿಕೆ, ಹಿಂದೆ ಕೋಟೆಯಂತೆ ಕಾಣುವ ನೀರಿನ ಗೋಪುರ. 1968ರಿಂದ ಇಲ್ಲಿ ಬೇಸಿಗೆಯಲ್ಲಿ ಪುಕ್ಕಟೆ ಸಂಗೀತ. ಮದ್ಯ ತರುವಂತಿಲ್ಲ, ಗಾಜಿನ ಬಾಟಲಿ ತರುವಂತಿಲ್ಲ. ಮಕ್ಕಳು ಓಡುತ್ತಿದ್ದರು, ನಾಯಿಗಳು ಮಲಗಿದ್ದವು. ನಮ್ಮವಳು ಮಡಿಸುವ ಕುರ್ಚಿ, ಕೋಡುಬಳೆ, ಕಿವಿಗೆ ಹತ್ತಿ ಎಲ್ಲ ತಂದಿದ್ದಳು.

ಪಕ್ಕದಲ್ಲಿ ಚಾಪೆ ಹಾಸಿ ಕೂತಿದ್ದ ನರೆಗೂದಲಿನ ಹೆಂಗಸು ಆ ಹತ್ತಿ ನೋಡಿ, ಸಾಲದು ಎಂದು ತಲೆಯಾಡಿಸಿ, ತಮ್ಮ ಚೀಲದಿಂದ ಸ್ಪಂಜಿನ ಕಿವಿಮುಚ್ಚುಕ ತೆಗೆದುಕೊಟ್ಟರು. ಕೋಡುಬಳೆ ಆ ಕಡೆ ಹೋಯಿತು. ಫುಗಾಜಿ ತಂಡವನ್ನು ಅವರು ಇದೇ ಹುಲ್ಲಿನ ಮೇಲೆ ಎಷ್ಟು ಸಲ ಕೇಳಿದ್ದಾರೆಂದು ಲೆಕ್ಕವಿಲ್ಲವಂತೆ.

ಫುಗಾಜಿಯ ಲೆಕ್ಕ ಕೇಳಿ. ಇಯಾನ್ ಮಕಾಯ್, ಗೈ ಪಿಚ್ಚಿಯೊಟ್ಟೊ, ಜೋ ಲಾಲಿ, ಬ್ರೆಂಡನ್ ಕ್ಯಾಂಟಿ, ಈ ನಾಲ್ವರು 1987ರಿಂದ 2002ರವರೆಗೆ ಸಾವಿರಕ್ಕೂ ಹೆಚ್ಚು ಕಾರ್ಯಕ್ರಮ ಕೊಟ್ಟರು. ಟಿಕೆಟ್ಟು ಸಾಮಾನ್ಯವಾಗಿ ಐದೇ ಡಾಲರ್. ಎಲ್ಲ ವಯಸ್ಸಿನವರಿಗೂ ಪ್ರವೇಶ. ಐದಕ್ಕೆ ಹೇಗೆ ಪೂರೈಸಿತು? ಮ್ಯಾನೇಜರ್ ಇಲ್ಲ, ದಲ್ಲಾಳಿ ಇಲ್ಲ, ವ್ಯಾನಿನಲ್ಲಿ ಪ್ರಯಾಣ, ಎಷ್ಟೋ ಸಲ ಯಾರದೋ ಮನೆಯಲ್ಲಿ ನಿದ್ದೆ. ತಂಡದ ಹೆಸರಿನ ಟಿ ಶರ್ಟ್ ಮಾರಿ ದುಡ್ಡು ಮಾಡಲೂ ಒಪ್ಪಲಿಲ್ಲ. ಸ್ವಂತ ಊರಿನ ಕಾರ್ಯಕ್ರಮಗಳು ಪುಕ್ಕಟೆ, ಇಲ್ಲವೇ ಯಾವುದಾದರೂ ಸೇವೆಯ ಸಹಾಯಾರ್ಥ. ಗುಂಪಿನಲ್ಲಿ ಯಾರಾದರೂ ಇನ್ನೊಬ್ಬರಿಗೆ ಗುದ್ದಿದರೆ ಹಾಡು ಅಲ್ಲಿಗೇ ನಿಲ್ಲಿಸಿ ಬುದ್ಧಿ ಹೇಳುತ್ತಿದ್ದರು. ಕೇಳದಿದ್ದರೆ ಹೊರಗೆ ಕಳಿಸುತ್ತಿದ್ದರು, ಕೈಗೆ ಒಂದು ಲಕೋಟೆ ಕೊಟ್ಟು. ಅದರಲ್ಲಿ ಐದು ಡಾಲರ್! ಟಿಕೆಟ್ ದುಡ್ಡು ವಾಪಸು. ಇದಕ್ಕೆಂದೇ ಲಕೋಟೆ ತುಂಬಿಟ್ಟುಕೊಂಡಿರುತ್ತಿದ್ದರಂತೆ. ನಮ್ಮ ಕ್ಯಾಷಿಯರುಗಳು ಇದನ್ನು ಓದಬೇಕು.

ಎಂಟುನೂರಕ್ಕೂ ಮಿಕ್ಕಿದ ಆ ಕಾರ್ಯಕ್ರಮಗಳ ಧ್ವನಿಮುದ್ರಣವನ್ನು ತಂಡದವರು ಕಾಪಾಡಿಟ್ಟಿದ್ದರು. 2011ರಿಂದ ಅವನ್ನು ಒಂದೊಂದಾಗಿ ಹೊರಗೆ ಬಿಟ್ಟರು, ಒಂದಕ್ಕೆ ಅದೇ ಐದು ಡಾಲರ್. ಪಕ್ಕದ ಹೆಂಗಸು ತಾವು ಹದಿನೇಳರಲ್ಲಿ ಹೋಗಿದ್ದ ಒಂದು ರಾತ್ರಿಯನ್ನು ಹುಡುಕಿ ಕೊಂಡರಂತೆ. "ಹಾಡು ಮುಗಿದ ಮೇಲೆ ಹಿಂದಿನಿಂದ ಯಾರೋ ಕೂಗ್ತಾರೆ. ನನ್ನ ತಮ್ಮನ ಧ್ವನಿ. ಖಂಡಿತ ಅವನದೇ" ಎಂದರು. ಎಷ್ಟು ಸಲ ಕೇಳಿದ್ದೀರಿ ಎಂದು ಮೊಮ್ಮಗಳು ಕೇಳಿದಳು. ಅವರು ಉತ್ತರ ಕೊಡದೆ ಕೋಡುಬಳೆ ಮುರಿದರು.

ಈ ಪುಕ್ಕಟೆ ಸಂಜೆಗಳೂ 2014ರಲ್ಲಿ ನಿಂತುಹೋಗುವುದರಲ್ಲಿದ್ದವು. ಪೊಲೀಸ್ ಕಾವಲಿನ ಖರ್ಚನ್ನು ಸಂಘಟಕರೇ ಭರಿಸಬೇಕು ಎಂದು ಬಂದಾಗ, ಟಿಕೆಟ್ಟೇ ಇಲ್ಲದ ಕಾರ್ಯಕ್ರಮಕ್ಕೆ ಆ ದುಡ್ಡು ಎಲ್ಲಿಂದ ತರುವುದು? ಆ ವರ್ಷದ ಸಂಗೀತ ಇಲ್ಲ ಎಂದು ಪ್ರಕಟಿಸಿಯೂ ಆಯಿತು. ಅಭಿಮಾನಿಗಳು ಸಹಿ ಸಂಗ್ರಹಿಸಿದರು, ಕೆಲವೇ ದಿನಗಳಲ್ಲಿ ಮಾತುಕತೆಯಾಗಿ ಬಗೆಹರಿಯಿತು. ಈ ಹೆಂಗಸೂ ಸಹಿ ಹಾಕಿದವರೇ.

ಆ ದಿನ ನುಡಿಸಿದವರಲ್ಲಿ ಮೊದಲ ತಂಡದವರು ಹೈಸ್ಕೂಲ್ ಮಕ್ಕಳು. ಡ್ರಮ್ಮಿನ ಹುಡುಗಿಯ ಕೋಲು ಎರಡು ಸಲ ಕೈಜಾರಿ ಬಿತ್ತು, ಎರಡು ಸಲವೂ ಚಪ್ಪಾಳೆ ಬಿತ್ತು. ಮೊಮ್ಮಗಳು ವೇದಿಕೆಯ ತೀರ ಮುಂದೆ ಹೋಗಿ ನಿಂತಿದ್ದಳು. ಕತ್ತಲಾಗುವ ಮೊದಲೇ ಪಕ್ಕದವರು ಚಾಪೆ ಸುತ್ತತೊಡಗಿದರು. ಇಷ್ಟು ಬೇಗ ಏಕೆ ಎಂದು ನಮ್ಮವಳು ತನ್ನ ಇಂಗ್ಲಿಷಿನಲ್ಲಿ ಕೇಳಿದಳು. ಬೆಳಿಗ್ಗೆ ಕೆಲಸವಿದೆಯಂತೆ. ಪಾಸಿಟಿವ್ ಫೋರ್ಸಿನ ಮಾರ್ಕ್ ಆಂಡರ್ಸನ್ ಮತ್ತು ಜೊತೆಯವರು ನಡೆಸುವ ವಿ ಆರ್ ಫ್ಯಾಮಿಲಿ ಎಂಬ ಸಂಸ್ಥೆ, ಊರಿನಲ್ಲಿ ಒಂಟಿಯಾಗಿರುವ ಬಡ ವೃದ್ಧರ ಮನೆಗೆ ದಿನಸಿ ತಲುಪಿಸುತ್ತದೆ. ಇವರು ಚೀಲ ತುಂಬಿ ಹೊತ್ತು ಹೋಗುವವರಲ್ಲಿ ಒಬ್ಬರು.

"ಮೂರನೇ ಮಹಡಿಯಲ್ಲೊಬ್ಬ ಅಜ್ಜಿ ಇದ್ದಾರೆ, ಲಿಫ್ಟು ಕೆಟ್ಟಿದೆ. ಎಂಟು ಗಂಟೆಗೆ ಬಾಗಿಲು ತಟ್ಟದಿದ್ದರೆ ಬೈತಾರೆ" ಎಂದು ನಕ್ಕು, ಉಳಿದ ಕೋಡುಬಳೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಟರು. ಕಿವಿಮುಚ್ಚುಕ ವಾಪಸು ಕೊಡಲು ಹೋದೆ. ಇಟ್ಟುಕೊಳ್ಳಿ, ಎರಡನೇ ತಂಡ ಇನ್ನೂ ಜೋರಾಗಿದೆ ಎಂದು ಕೈಸನ್ನೆ ಮಾಡಿದರು.